ಮೆತ್ತನೆಯ ರಬ್ಬರು

ಅಲ್ಲಾಸಾಬ ಮೂರನೆಯ ಸಲ ಹೆಬ್ಬೆರಳಿನ ಉಗುರನ್ನು ಟೈರಿಗೆ ಊರಿ ನೋಡಿದ. ಉಗುರು ತುಸು ಒಳಗಿಳಿಯಿತು. ತೆಗೆದ ಮೇಲೆ ಉಳಿದ ಗೆರೆ ಮೆಲ್ಲಗೆ ಮುಚ್ಚಿಕೊಂಡಿತು. ಮೆತ್ತನೆಯ ರಬ್ಬರೇ, ಅನುಮಾನವಿಲ್ಲ. ಹಾಗಾದರೆ ಇದು ಇಷ್ಟು ದೂರ ಬಾಳಿದ್ದು ಹೇಗೆ?

"ಮೀಟರ್ ಇನ್ನೊಮ್ಮೆ ಓದ್ರಿ ಕಂಡಕ್ಟರ್ ಸಾಹೇಬ್ರ," ಎಂದ.

"ಎಷ್ಟ ಸಲ ಓದಸ್ತೀಯೋ ಅಣ್ಣಾ? ಅದೇನು ಪುರಾಣ ಐತೇನ?" ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಚನ್ನಬಸವಣ್ಣ ಕುತ್ತಿಗೆಯನ್ನೂ ಹೊರಳಿಸಲಿಲ್ಲ. "ನೀ ಹಾಕಿ ಕೊಟ್ಟಾಗಿಂದ ಇಪ್ಪತ್ತೆರಡು ಸಾವಿರ ಆಗೇತಿ. ಹೊಸಾವು ಹಾಕು, ಮಳಿ ಹಿಡಿಯೂದ್ರಾಗ ಮನಿ ಸೇರ್ತೀವಿ."

ಲಕ್ಷ್ಮೇಶ್ವರದಲ್ಲಿ ಗದಗಿನ ರಸ್ತೆಗೆ ಮುಖ ಮಾಡಿದ ಆ ಅಂಗಡಿಯಲ್ಲಿ ಟೈರು ಬಿಚ್ಚುತ್ತ ಹಾಕುತ್ತ ಅಲ್ಲಾಸಾಬ ನಲವತ್ತೆಂಟು ವರ್ಷ ಕಳೆದಿದ್ದ. ಶಾಲೆಯ ಮೆಟ್ಟಿಲು ಹತ್ತಿದ್ದು ಎರಡನೆಯ ಇಯತ್ತೆಯವರೆಗೆ ಮಾತ್ರ. ಟೈರಿನ ಪಕ್ಕಕ್ಕೆ ಅಚ್ಚಾದ ನಾಲ್ಕು ಅಂಕಿ ನೋಡಿ ಅದು ಯಾವ ವರ್ಷದ ಎಷ್ಟನೆಯ ವಾರದಲ್ಲಿ ತಯಾರಾದದ್ದು ಎಂದು ಹೇಳುವಷ್ಟು ಅಕ್ಷರ ಅವನಿಗೆ ಸಾಕಾಗಿತ್ತು. ಉಳಿದದ್ದನ್ನೆಲ್ಲ ಅವನು ಸವೆದ ರಬ್ಬರಿನಲ್ಲಿ ಓದುತ್ತಿದ್ದ. ಗಾಡಿಯವನು ಅವಸರದವನೋ, ಸಾವಧಾನದವನೋ, ಹವಾ ನೋಡಿಕೊಳ್ಳುತ್ತಾನೋ, ಹಿಂದೆ ಮೂಟೆ ಹೇರುತ್ತಾನೋ, ಎಲ್ಲವೂ ಅಲ್ಲಿ ಬರೆದಿರುತ್ತದೆ. ಒಮ್ಮೆ ನೋಡಿದ ಟೈರನ್ನು ಅವನು ಮರೆತವನಲ್ಲ.

ಚನ್ನಬಸವಣ್ಣನ ಹಿಂದಿನ ಟೈರು ಹೇಗೆ ಸವೆಯುತ್ತದೆ ಎಂಬುದಂತೂ ಅವನಿಗೆ ಬಾಯಿಪಾಠ. ನಡುವೆ ಚಪ್ಪಟೆ, ಅಲ್ಲಲ್ಲಿ ತುರಿಯುವ ಮಣೆಗೆ ಉಜ್ಜಿದಂಥ ಗಾಯ. ಎಂದೋ ಒಮ್ಮೆ ಮುಂದಿನ ಬ್ರೇಕು ಹಿಡಿದು ಬಿದ್ದ ಮೇಲೆ ಮನುಷ್ಯ ಅದನ್ನು ಮುಟ್ಟುವುದನ್ನೇ ಬಿಟ್ಟಿದ್ದ. ಏನೇ ಅಡ್ಡ ಬಂದರೂ ಬಲಗಾಲಿನಲ್ಲಿ ಹಿಂದಿನ ಬ್ರೇಕನ್ನು ಒದೆಯುವುದು. ಗಟ್ಟಿ ರಬ್ಬರು ಹಾಕಿಕೊಟ್ಟರೂ ಹದಿನಾಲ್ಕು ಸಾವಿರಕ್ಕೆ ಬೋಳು ಮಾಡಿ ತರುತ್ತಿದ್ದ. ಎರಡು ವರ್ಷದ ಕೆಳಗೆ ಗಟ್ಟಿಯದು ಸಿಕ್ಕದೆ ಮೆತ್ತನೆಯದನ್ನು ಹಾಕಿದಾಗ ಅಲ್ಲಾಸಾಬನೇ ಹೇಳಿದ್ದ, "ಎಂಟು ಸಾವಿರಕ್ಕ ಹೊಳ್ಳಿ ಬರ್ರಿ, ಅದಕ್ಕಿಂತ ಹೆಚ್ಚು ಬಾಳೂದಿಲ್ಲ," ಎಂದು.

ಅದೇ ಟೈರು ಈಗ ಅವನ ತೊಡೆಯ ಮೇಲಿತ್ತು. ಸವೆದಿದೆ ನಿಜ. ಆದರೆ ಹಸು ಮೇದ ಹುಲ್ಲಿನಂತೆ ಎಲ್ಲ ಕಡೆ ಒಂದೇ ಸಮ. ಗಾಯ ಒಂದೂ ಇಲ್ಲ.

ಮೂವತ್ತೆರಡು ವರ್ಷ ಬಸ್ಸಿನಲ್ಲಿ ಚೀಟಿ ಹರಿದ ಚನ್ನಬಸವಣ್ಣ ನಿವೃತ್ತನಾದದ್ದೇ ಮೋಟಾರ್ ಸೈಕಲ್ಲು ಕೊಂಡಿದ್ದ. ಪ್ರತಿ ಸಲ ಕೊನೆಯ ಸ್ಟಾಪಿನಿಂದ ಹೊಳ್ಳಿ ಬರುವುದೇ ಆಯಿತು, ಅದರ ಆಚೆ ಏನಿದೆ ಎಂದು ನೋಡಲೇ ಇಲ್ಲ ಎಂಬುದು ಅವನ ಕೊರಗು. ಹೆಂಡತಿ ನೀಲಗಂಗವ್ವನನ್ನು ಕೂರಿಸಿಕೊಂಡು ಕನ್ಯಾಕುಮಾರಿ, ಪುರಿ, ದ್ವಾರಕೆ ಅಂತ ರಸ್ತೆ ಸಮುದ್ರಕ್ಕೆ ಮುಟ್ಟುವತನಕ ಹೋಗಿ ಬರುತ್ತಿದ್ದ. ಊರಲ್ಲಿ ಅದೊಂದು ಸುದ್ದಿಯೇ ಆಗಿತ್ತು. ಡಿಪೋದವರು ಹೊಟ್ಟೆಕಿಚ್ಚಿನಿಂದ ನಗುತ್ತಿದ್ದರು.

ಇವತ್ತು ಅಂಗಡಿಗೆ ಬಂದಾಗ ಮಾತ್ರ ಗಾಡಿ ಬಾಗಿಲ ಬಳಿಯ ಹಳೆಯ ಟೈರುಗಳ ರಾಶಿಗೆ ಮೂತಿ ತಗಲಿಸಿಯೇ ನಿಂತಿತ್ತು. "ನಿನ್ನ ಅಂಗಡಿ ಮುಂದ ಬ್ರೇಕಿಗೇನು ಕೆಲಸಾ?" ಎಂದು ಚನ್ನಬಸವಣ್ಣ ನಕ್ಕಿದ್ದ.

"ಯಾಕ ಇಷ್ಟ ನೋಡ್ಲಿಕತ್ತೀ?" ಎಂದ ಈಗ.

"ನನಗ ಬೇಕಾಗೇತ್ರಿ." ಅಲ್ಲಾಸಾಬ ಗೋಡೆಯ ಕಡೆ ಕೈ ತೋರಿದ. ಅಲ್ಲಿ ಗಟ್ಟಿ ರಬ್ಬರಿನದೊಂದು, ಮೆತ್ತನೆಯದೊಂದು, ಎರಡು ಹೊಸ ಟೈರು ತೂಗುತ್ತಿದ್ದವು. "ಮೊಮ್ಮಗಳು ನೂರೀನ ಮತ್ತ ಆಕಿ ಗಂಡ ಶಕೀಲ ಬರೂ ಆಯತವಾರ ಹಿಮಾಚಲಕ್ಕ ಹೊಂಟಾರ. ಸ್ಪಿತಿ ಅಂತ, ಬರೀ ಕಲ್ಲು, ಹಿಮಾ. ಹೋಗಿ ಬರೂದು ಆರೂವರಿ ಸಾವಿರ ಕಿಲೋಮೀಟರು. ನಡುವ ರಾಜಸ್ಥಾನದ ಬಿಸಲು. ಸಂಜೀಕ ಗಾಡಿ ತರ್ತಾರ. ಮೂರು ವಾರ ಆತು, ಯಾವ ಟೈರ್ ಹಾಕಲಿ ಅಂತ ನನಗ ಹರೀವಲ್ದು. ಗಟ್ಟೀದು ಹಾಕಿದ್ರ ಬಾಳತೈತಿ, ಆದ್ರ ಹಸಿ ಕಲ್ಲಿನ ಮ್ಯಾಲ ಜಾರತೈತಿ. ಮೆತ್ತಂದು ಹಾಕಿದ್ರ ಹಿಡಿತೈತಿ, ಆದ್ರ ಬರೂವಾಗ ಎಲ್ಲೋ ಸವದು ಒಳಗಿನ ನೂಲು ಕಾಣಾಕ ಹತ್ತಿದ್ರ? ಆ ಗುಡ್ಡದಾಗ ಟೈರ್ ಎಲ್ಲಿ ಸಿಗಬೇಕ್ರಿ?"

"ಸಿಕ್ತಲ್ಲ ಮತ್ತ ಉತ್ತರ! ಇದು ಇಪ್ಪತ್ತೆರಡು ಸಾವಿರ ಬಂದೇತಿ. ಇದನ್ನ ಹಾಕು."

"ಅದ ನಾನೂ ಅಂತೀನಿ. ಆದ್ರ ಯಾಕ ಬಂತು ಅಂತ ತಿಳಿಬೇಕಲ್ರಿ."

ಅಲ್ಲಾಸಾಬ ಒಂದೊಂದೇ ಕೇಳತೊಡಗಿದ. ಎಷ್ಟು ಗಂಟೆಗೆ ಹೊರಡುತ್ತೀರಿ? ಡಾಂಬರು ಕಾಯುವುದರೊಳಗೆ, ನಸುಕಿನಲ್ಲೇ. ಸಾಮಾನು ಎಷ್ಟು? ಎರಡು ಚೀಲ. ಓಟ? ತಾಸಿಗೆ ಐವತ್ತು, ಬಹಳಾದರೆ ಐವತ್ತೈದು. ಇದೆಲ್ಲ ಚೆನ್ನಾಗಿದೆ, ಆದರೆ ಇದರಿಂದ ಮೂರು ನಾಲ್ಕು ಸಾವಿರ ಹೆಚ್ಚು ಬರಬಹುದು. ಹದಿನಾಲ್ಕು ಸಾವಿರ ಅಲ್ಲ.

"ಹವಾ ಎಷ್ಟ ಇಡ್ತೀರಿ?"

"ಅದೇನೋಪಾ, ಒಂದ ಮೂವತ್ತು ಇರಬೇಕ."

"ಹಿಂದ ಮೂವತ್ತೆರಡು, ಮುಂದ ಇಪ್ಪತ್ತೈದು," ಎಂದಳು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದ ನೀಲಗಂಗವ್ವ. "ಮುಂಜಾನಿ ಗಾಲಿ ತಣ್ಣಗಿದ್ದಾಗ ನೋಡೂದು. ಬಿಸಿಯಾದ ಮ್ಯಾಲ ನೋಡಿದ್ರ ಖರೆ ತೋರ್ಸೂದಿಲ್ಲ."

"ನಮ್ಮಾಕಿ ಹುಷಾರ," ಎಂದು ಚನ್ನಬಸವಣ್ಣ ಗಡಿಬಿಡಿಯಲ್ಲಿ ನಕ್ಕ. "ಹವಾದ ಖಾತೆ ಆಕೀದು."

ಅಲ್ಲಾಸಾಬ ಎದ್ದು ಮುಂದಿನ ಗಾಲಿಯ ಬಳಿ ಕುಕ್ಕರುಗಾಲಿನಲ್ಲಿ ಕೂತ. ಚನ್ನಬಸವಣ್ಣನ ಮುಂದಿನ ಟೈರು ಸವೆದದ್ದನ್ನು ಅವನು ಕಂಡವನೇ ಅಲ್ಲ. ಬ್ರೇಕೇ ಹಿಡಿಯದಿದ್ದರೆ ಸವೆಯುವುದು ಎಲ್ಲಿಂದ? ಈಗ ನೋಡಿದರೆ ಅದೂ ಹಿಂದಿನದರ ಜೊತೆಜೊತೆಗೇ ಹದವಾಗಿ ಸವೆದಿತ್ತು. ಅವನು ಬೆರಳಾಡಿಸುತ್ತ ಕೂತ. ತಲೆ ಎತ್ತಿದಾಗ ಕಂಡದ್ದು ನೀಲಗಂಗವ್ವನ ಕೈ. ತೊಡೆಯ ಮೇಲಿಟ್ಟಿದ್ದ ಎರಡೂ ಮುಂಗೈ ಬಿಸಿಲಿಗೆ ಸುಟ್ಟು ಕಪ್ಪಾಗಿದ್ದವು, ಮಣಿಕಟ್ಟಿನಿಂದ ಮೇಲೆ ಮೊದಲಿನ ಬಣ್ಣ. ಬೆಂಚಿನ ಮೇಲಿನ ಚನ್ನಬಸವಣ್ಣನ ಕೈ ನೆರಳಿನಲ್ಲಿ ಒಣಗಿಸಿದ ಸಂಡಿಗೆಯಂತೆ ಬೆಳ್ಳಗಿತ್ತು.

ಕೇಳುವ ಮಾತು ಯಾವುದು, ಕೇಳಬಾರದ ಮಾತು ಯಾವುದು ಎಂಬುದು ಅಲ್ಲಾಸಾಬನಿಗೆ ಗೊತ್ತು. ಆದರೆ ಸಂಜೆ ನೂರೀನಳ ಗಾಡಿ ಬರುವುದಿತ್ತು.

"ಒಂದ ಮಾತು ಸಾಹೇಬ್ರ," ಎಂದ ಮೆಲ್ಲಗೆ. "ಇದು ಟೈರಿನ ಗುಣಾ ಆಗಿದ್ರ ನೂರೀನಗ ಇದ್ನ ಹಾಕ್ತೀನಿ. ನಿಮ್ಮ ಕಾಲು ಅದ ಕಾಲು, ಬ್ರೇಕು ಅದ ಬ್ರೇಕು. ಏನೂ ಬದ್ಲಾಗಿಲ್ಲಲ್ಲ?"

ಚನ್ನಬಸವಣ್ಣ ರಸ್ತೆಯಾಚೆಯ ಚಹದಂಗಡಿಯ ಕಡೆ ನೋಡಿದ. "ಏನ ಬದ್ಲಾಗತೈತಿ? ಹಾಕು, ಹಾಕು."

"ಆತು. ಹಂಗಾದ್ರ ತೀರಿತು," ಎಂದು ಅಲ್ಲಾಸಾಬ ಮೆತ್ತನೆಯ ಟೈರನ್ನು ಗೋಡೆಯಿಂದ ಇಳಿಸಲು ಕೊಕ್ಕೆ ಕೈಗೆತ್ತಿಕೊಂಡ.

"ಹಾಕಬ್ಯಾಡ್ರಿ ಅಣ್ಣಾರ," ಎಂದಳು ನೀಲಗಂಗವ್ವ.

ಕೊಕ್ಕೆ ಅಲ್ಲಿಯೇ ನಿಂತಿತು.

"ಗಾಡಿ ಇವರು ಹೊಡದಿಲ್ಲ. ಎರಡು ವರ್ಷಾತು, ನಾನ ಹೊಡಿಯಾಕ ಹತ್ತೇನಿ."

"ಏ..." ಚನ್ನಬಸವಣ್ಣ ಅರ್ಧ ಎದ್ದ. "ನಿನಗ ಯಾರು ಕೇಳ್ಯಾರು?"

"ಯಾರೂ ಕೇಳಿಲ್ಲ. ನಾಳೆ ಆ ಹುಡುಗಿ ಗುಡ್ಡದಾಗ ನೂಲು ಕಂಡ ಟೈರ್ ಮ್ಯಾಲ ಕುಂತ್ರ ನಿಮಗ ಅನ್ನ ಇಳಿತೈತೇನ್ರಿ? ನನಗಂತೂ ಇಳಿಯೂದಿಲ್ಲ." ಅವಳು ಅಲ್ಲಾಸಾಬನ ಕಡೆ ತಿರುಗಿದಳು. "ಸಕ್ಕರಿ ಬ್ಯಾನಿ ಅಣ್ಣಾರ. ಇವರ ಬಲಗಾಲಿಗೆ ನೆಲಾನ ತಿಳಿಯೂದಿಲ್ಲ. ಬ್ರೇಕಿನ ಮ್ಯಾಲ ಕಾಲಿಟ್ಟಾರೋ ಇಲ್ಲೋ ಅದೂ ಗೊತ್ತಾಗೂದಿಲ್ಲ. ಊರೊಳಗ ಇವರು ಹೊಡೀತಾರ, ಅಡರಕಟ್ಟಿ ದಾಟಿದ ಮ್ಯಾಲ ನನಗ ಕೊಡ್ತಾರ. ಬರೂವಾಗ ಅಲ್ಲೇ ಇಳದು ಮತ್ತ ಹಿಂದ ಕುಂಡ್ರತೀನಿ."

ಚನ್ನಬಸವಣ್ಣ ಮತ್ತೆ ಕೂತ. ಬೆಂಚಿನ ಹಲಗೆ ಕಿರ್ ಎಂದಿತು. "ಡಿಪೋದಾಗ ಗೊತ್ತಾದ್ರ ಮುಗೀತು," ಎಂದ ತನ್ನ ಪಾದ ನೋಡಿಕೊಳ್ಳುತ್ತ. "ಹೆಂಡ್ತಿ ಹಿಂದ ಕುಂತು ದೇಶಾ ನೋಡಿ ಬಂದಾ ಅಂತ ಆಡಿಕೊಂಡು ನಗ್ತಾರ."

ಅಲ್ಲಾಸಾಬನಿಗೆ ಅವನನ್ನು ಸಮಾಧಾನ ಮಾಡಬೇಕು ಅನ್ನಿಸಲಿಲ್ಲ ಎಂದಲ್ಲ. ಆದರೆ ಅದಕ್ಕಿಂತ ಮೊದಲು ಅವನಿಗೆ ಇನ್ನೊಂದು ಸಂಗತಿ ತಿಳಿಯಬೇಕಾಗಿತ್ತು. ಟೈರನ್ನು ಎತ್ತಿಕೊಂಡು ಬಂದು ನೀಲಗಂಗವ್ವನ ಎದುರು ನೆಲದ ಮೇಲೇ ಕೂತ.

"ತಂಗಿ, ನಾ ಸಾವಿರಾರು ಟೈರ್ ನೋಡೇನಿ. ಹಿಂಗ ಸವದದ್ದು ನೋಡಿಲ್ಲ. ಎಲ್ಲಿ ಕಲತಿ?"

"ಎಲ್ಲಿ ಕಲೀಬೇಕ್ರಿ? ನಮ್ಮ ತವರುಮನಿ ಹಿರೇವಡ್ಡಟ್ಟಿ. ಅಪ್ಪನ ಮೊಪೆಡ್ ಇತ್ತು. ಹೊಲಕ್ಕ ಬುತ್ತಿ ಒಯ್ಯೂದು ನನ್ನ ಕೆಲಸ. ಎರಿ ಹೊಲದ ದಾರಿ, ಕರೀ ಮಣ್ಣು, ನಾಕ ಹನಿ ಬಿದ್ರ ಸಾಕು, ಬೆಣ್ಣಿ ಆಗತೈತಿ. ಅಲ್ಲೆ ಬ್ರೇಕ್ ಹಿಡದ್ರ ಬಿದ್ದಂಗ. ಎರಡ ಸಲ ರೊಟ್ಟಿ, ಪಲ್ಯ ಎಲ್ಲಾ ರಾಡಿಗೆ ಹಾಕಿ ಅವ್ವನ ಕಡೆ ಬೈಸಿಕೊಂಡೆ. ಆಮ್ಯಾಲ ತಿಳೀತು. ದೂರ ನೋಡಬೇಕು, ಮೊದಲ ಎಕ್ಸಲೇಟರಿನ ಕೈ ಸಡಲ ಬಿಡಬೇಕು, ಗಾಡಿ ತಾನ ನಿಲ್ಲಾಕ ಬರಬೇಕು. ಬ್ರೇಕ್ ಕಡೀಕ, ಎರಡೂ ಕೂಡೆ, ಹಗೂರ." ಅವಳು ಗಾಳಿಯಲ್ಲಿ ಕೈ ಮುಂದೆ ಮಾಡಿ, ಬೆರಳುಗಳನ್ನು ಒಂದೊಂದಾಗಿ ಮುಚ್ಚಿ ತೋರಿಸಿದಳು. "ಡಾಂಬರ್ ಮ್ಯಾಲೂ ಅದ ರೂಢಿ ಉಳದೇತಿ."

"ಎರಿಯೊಳಗ ಬ್ರೇಕ್ ಹಿಡದ್ರ ಬಿದ್ದಂಗ," ಎಂದು ಅಲ್ಲಾಸಾಬ ಅವಳ ಮಾತನ್ನೇ ಮತ್ತೊಮ್ಮೆ ಅಂದುಕೊಂಡ. ಟೈರನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಈಗ ಅದರ ಒಂದೊಂದು ಗೆರೆಯೂ ಅವನಿಗೆ ಓದಲು ಬಂದಿತು. ಕಂಪನಿಯವರ ಹೆಚ್ಚುಗಾರಿಕೆ ಏನೂ ಇರಲಿಲ್ಲ ಅದರಲ್ಲಿ.

"ಮುಗೀತೇನ್ರಿ ಇಬ್ರದೂ ಶಾಲಿ?" ಎಂದ ಚನ್ನಬಸವಣ್ಣ ಕಹಿಯಾಗಿ.

ಅಲ್ಲಾಸಾಬ ಫೋನು ತೆಗೆದು ಗದಗಿನಲ್ಲಿದ್ದ ಮೊಮ್ಮಗಳಿಗೆ ಹಚ್ಚಿದ. ಅವನು ಯಾವಾಗಲೂ ಎಲ್ಲರಿಗೂ ಕೇಳುವಂತೆಯೇ ಮಾತಾಡುವವನು, ಫೋನೂ ಹಾಗೆಯೇ ಕೂಗುತ್ತಿತ್ತು.

"ನೂರೀನ, ಶಕೀಲ ಬ್ರೇಕ್ ಹೆಂಗ ಹೊಡಿತಾನವಾ?"

"ಅದೇನ ಕೇಳ್ತಿ ನಾನಾ!" ಆ ಕಡೆಯಿಂದ ನಗು. "ಇವರು ಬ್ರೇಕ್ ಹೊಡದ್ರ ನನ್ನ ಹೆಲ್ಮೆಟ್ ಹೋಗಿ ಇವರ ಹೆಲ್ಮೆಟ್ಟಿಗೆ ಟಕ್ ಅಂತೈತಿ. ದಿನಕ್ಕ ಹತ್ತ ಸಲ."

"ಕಾಲಿಂದೋ, ಕೈಯಿಂದೋ?"

"ಕಾಲಿಂದ. ಯಾಕ ನಾನಾ?"

"ಸಂಜೀಕ ಬಾ, ಹೇಳ್ತೀನಿ," ಎಂದು ಫೋನಿಟ್ಟ. ಗೋಡೆಯ ಎರಡು ಟೈರುಗಳ ಮುಂದೆ ಬಂದು ನಿಂತ. ಮೂರು ವಾರದಿಂದ ಬಿಡಿಸಲಾಗದ ಗಂಟು ಈಗ ಸರಳವಾಗಿತ್ತು. "ಹಿಂದ ಗಟ್ಟೀದು," ಎಂದ. "ಶಕೀಲ ಬ್ರೇಕ್ ಒದ್ರೂ ತಡಕೊಳ್ಳಲಿ. ಮುಂದಕ್ಕ ಮೆತ್ತಂದು. ಹಸಿ ಕಲ್ಲು ಹಿಡಿಯಾಕ ಅದು ಬೇಕು, ಮುಂದ ಅದು ಜಲ್ದಿ ಸವೆಯೂದೂ ಇಲ್ಲ. ಹಂಗ ಸಂಜೀಕ ನೂರೀನ ಬಂದ್ರ..." ಅವನು ನೀಲಗಂಗವ್ವನ ಕಡೆ ನೋಡಿದ. "ಒಂದ ತಾಸು ಬಂದು ಆ ಇಬ್ರಿಗೂ ಕೈ ಸಡಲ ಬಿಡೂದು ತೋರಸ್ತೀಯೇನು ತಂಗಿ?"

ನೀಲಗಂಗವ್ವ ಗಂಡನ ಕಡೆ ನೋಡಿದಳು. "ನೋಡೂಣ್ರಿ," ಎಂದಳು.

"ಈಗ ನಿಮ್ಮ ಗಾಡಿಗೆ ಯಾವ್ದು ಹಾಕ್ಲಿ?" ಇಷ್ಟು ವರ್ಷ ಬೆಂಚಿನ ಕಡೆ ಕೇಳುತ್ತಿದ್ದ ಮಾತನ್ನು ಅಲ್ಲಾಸಾಬ ಸ್ಟೂಲಿನ ಕಡೆ ಕೇಳಿದ.

"ಅದ ಮೆತ್ತಂದ ಇರ್ಲಿ. ಮಳಿಗಾಲದಾಗ ಛೊಲೊ ಹಿಡಿತೈತಿ."

ಟೈರು ಹಾಕಿ, ಹವಾ ತುಂಬಿ, ಎಂಜಲು ಹಚ್ಚಿ ವಾಲ್ವು ಪರೀಕ್ಷೆ ಮಾಡಿ ಗಾಲಿ ಕೂರಿಸುವಷ್ಟರಲ್ಲಿ ಮುಗಿಲು ಕಪ್ಪೇರಿತ್ತು. ಅಲ್ಲಾಸಾಬ ಹೊಸ ಟೈರು ಹಾಕಿಸಿಕೊಂಡ ಎಲ್ಲರಿಗೂ ಹೇಳುವ ಮಾತನ್ನು ಹೇಳಿದ. ಯಾರ ಮುಖವನ್ನೂ ನೋಡದೆ, ಕೈ ಒರೆಸಿಕೊಳ್ಳುತ್ತ ಹೇಳಿದ. "ಹೊಸಾ ರಬ್ಬರ್. ಮೈಮ್ಯಾಲ ನುಣಪು ಇರತೈತಿ. ಮೊದಲಿನ ನೂರು ಕಿಲೋಮೀಟರ್ ಜಾರತೈತಿ. ಬ್ರೇಕ್ ಒದಿಯಾಕ ಹೋಗಬ್ಯಾಡ್ರಿ."

ಚನ್ನಬಸವಣ್ಣ ಕೀಲಿ ಹಿಡಿದು ಹೊರಗೆ ಬಂದ. ನಾಲ್ಕು ಹನಿ ಆಗಲೇ ಡಾಂಬರಿನ ಮೇಲೆ ಬಿದ್ದು ರಸ್ತೆ ಮಿರಮಿರ ಎನ್ನುತ್ತಿತ್ತು. ಎದುರು ಚಹದಂಗಡಿಯ ತಗಡಿನ ಕೆಳಗೆ ಡಿಪೋದ ಹಳೆಯ ಡ್ರೈವರ್ ಫಕೀರಸಾಬ ಇನ್ನಿಬ್ಬರ ಜೊತೆ ಚಹಾದ ಬಸಿ ಹಿಡಿದು ನಿಂತಿದ್ದ.

"ಏನಲೇ ಕಂಡಕ್ಟರ್, ಹೊಸಾ ಟೈರು!" ಎಂದು ಕೂಗಿದ. "ಈ ಸಲ ಯಾವ ಸಮುದ್ರಕ್ಕ?"

"ಇನ್ನೂ ಗೊತ್ತಿಲ್ಲೋ," ಎಂದ ಚನ್ನಬಸವಣ್ಣ. ಒಂದು ಗಳಿಗೆ ಗಾಡಿಯ ಬಳಿ ನಿಂತ. ರಸ್ತೆ ನೋಡಿದ, ತಗಡಿನ ಕೆಳಗಿನ ಮೂವರನ್ನು ನೋಡಿದ. ಆಮೇಲೆ ಕೀಲಿಯ ಕೈಯನ್ನು ಪಕ್ಕಕ್ಕೆ ಚಾಚಿದ. "ಹಿಡಿ," ಎಂದ.

ನೀಲಗಂಗವ್ವ ಸೆರಗನ್ನು ಸೊಂಟಕ್ಕೆ ಬಿಗಿದು, ಹೆಲ್ಮೆಟ್ಟು ಹಾಕಿಕೊಂಡು ಗಾಡಿ ಏರಿದಳು. ಫಕೀರಸಾಬ ಬಸಿ ಕೆಳಗಿಟ್ಟ. ಚನ್ನಬಸವಣ್ಣ ಅವಳ ಹೆಗಲು ಹಿಡಿದು ಹಿಂದೆ ಕೂತ. ಎಡಗಾಲು ತಾನೇ ಜಾಗ ಹುಡುಕಿಕೊಂಡಿತು. ಬಲಗಾಲನ್ನು ಅವನು ಬಗ್ಗಿ ಎರಡೂ ಕೈಯಿಂದ ಎತ್ತಿ, ಮೆಟ್ಟುವ ಕಡ್ಡಿಯ ಮೇಲೆ ಇಟ್ಟು, ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಕೊಂಡ. ಅವಳು ಹೊರಳಿ ನೋಡಲಿಲ್ಲ. ಸೀಟು ಅಲುಗಾಡುವುದು ನಿಂತ ಮೇಲೆ ಬಲಗೈಯನ್ನು ಮೆಲ್ಲಗೆ ತಿರುಗಿಸಿದಳು. ಹೊಸ ಟೈರು ಒದ್ದೆ ಡಾಂಬರಿನ ಮೇಲೆ ಸಣ್ಣಗೆ ಸಪ್ಪಳ ಮಾಡುತ್ತ ಊರ ನಡುವಿನ ಕಡೆ ಹೊರಟಿತು.