ಫೋಟೋಗೆ ಬಂದ ಐದನೆಯವಳು

ಭಾನುವಾರ ಬೆಳಕು ಹರಿಯುವ ಮೊದಲೇ ಅಕ್ಕ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದಳು. ವಾರವಿಡೀ ಲಾಂಡ್ರಿಯಲ್ಲಿ ಕಂಡವರ ಬಟ್ಟೆಯ ಸುಕ್ಕು ತೆಗೆಯುವವಳಿಗೆ ರಜೆಯಲ್ಲೂ ಅದೇ ಪಾಡು. ಅಮ್ಮನದು, ತನ್ನದು, ತಮ್ಮನದು, ತಮ್ಮನ ಮಗಳು ಗುಬ್ಬಿಯದು, ಎಲ್ಲವೂ ತಿಳಿನೀಲಿ. ಉದ್ಯಾನದ ಹಸಿರಿನ ಮುಂದೆ ಆ ಬಣ್ಣ ಚೆನ್ನಾಗಿ ಬರುತ್ತದೆಂದು ಫೋಟೋಗ್ರಾಫರ್ ಹೇಳಿದ್ದ. ಬೇಸಿಗೆಯ ಬಿಸಿಲು ಏರುವುದರೊಳಗೆ ಕಾರಂಜಿಯ ಹತ್ತಿರ ಇರಬೇಕೆಂದೂ ಎಚ್ಚರಿಸಿದ್ದ.

ಮನೆಯವರೆಲ್ಲ ಒಟ್ಟಿಗೆ ಇರುವ ಒಂದು ಫೋಟೋ ಬೇಕೆಂದು ಹಟ ಹಿಡಿದವಳು ಅಮ್ಮ. ಅದಕ್ಕೆ ಅಕ್ಕನ ತಕರಾರಿರಲಿಲ್ಲ. ಆದರೆ ನಿನ್ನೆ ಸಂಜೆ ಅಮ್ಮ ಚಹಾ ಹೀರುತ್ತಾ ತಣ್ಣಗೆ ಹೇಳಿದ್ದಳು:

"ಅವಳಿಗೂ ಬಾ ಅಂದಿದೀನಿ ಕಣೇ."

"ಯಾರಿಗೆ?"

"ಇನ್ಯಾರಿಗೆ? ಗುಬ್ಬಿ ಅಮ್ಮನಿಗೆ."

ತಮ್ಮನೂ ಅವನ ಹೆಂಡತಿಯೂ ಬೇರೆಯಾಗಿ ವರ್ಷ ಕಳೆದಿತ್ತು. ಬಡಿದಾಟವಿಲ್ಲ, ರಂಪವಿಲ್ಲ. ಒಂದೇ ಸೂರಿನಡಿ ಇಬ್ಬರೂ ಮೂಕರಾಗಿ ಬದುಕಿ, ಕೊನೆಗೆ ಅವಳು ಬೇರೆ ಮನೆ ಹಿಡಿದಿದ್ದಳು. ಗುಬ್ಬಿ ಅವಳ ಜೊತೆಗಿದ್ದು, ರಜೆಯ ದಿನಗಳಲ್ಲಿ ಅಪ್ಪನ ಹತ್ತಿರ ಬರುತ್ತಿದ್ದಳು.

"ಅವನಿಗೆ ಹೇಳಿದೀಯಾ?"

"ನೀನೇ ಹೇಳು. ನಿನ್ನ ಮಾತಾದ್ರೆ ಕೇಳ್ತಾನೆ." ಮಗಳ ಮಡಿಲಿಗೆ ಕೆಂಡ ಸುರಿದು ಅಮ್ಮ ಹಾಯಾಗಿ ನಿದ್ದೆ ಹೋದಳು. ಅಕ್ಕನಿಗೆ ಕಣ್ಣು ಹತ್ತಲಿಲ್ಲ.

ತಮ್ಮ ಲಿಫ್ಟ್ ಮೆಕ್ಯಾನಿಕ್. ಪಕ್ಕದ ಬೀದಿಯಿಂದ ಗುಬ್ಬಿಯ ಕೈಹಿಡಿದು ಬಂದವನು ಅಂಗಿ ತೊಟ್ಟು, ಕಾಲರಿನ ಗುಂಡಿ ಹಾಕಿದ, ತೆಗೆದ, ಮತ್ತೆ ಹಾಕಿದ.

"ನಿನ್ನ ಹತ್ರ ಒಂದು ಮಾತು..." ಎಂದಳು ಅಕ್ಕ.

"ನಾನೂ ಏನೋ... ಇರಲಿ ಬಿಡು. ಬಾಚಣಿಗೆ ಎಲ್ಲಿದೆ?"

ಅಷ್ಟರಲ್ಲಿ ಗುಬ್ಬಿ ಲೋಟದ ಹಾಲನ್ನೆಲ್ಲ ಫ್ರಾಕಿನ ಮೇಲೆ ಚೆಲ್ಲಿಕೊಂಡಳು. "ಅತ್ತೇ, ನಾನಲ್ಲ, ಲೋಟಾನೇ ಬಿತ್ತು!" ಅಕ್ಕ ಫ್ರಾಕನ್ನು ತೊಳೆದು ಹಿಂಡಿ, ಇಸ್ತ್ರಿಯಲ್ಲೇ ಒಣಗಿಸಿದಳು. ಆತುರಕ್ಕೆ ಬೆರಳು ಸುಟ್ಟಿತು. ಹೊರಡುವಾಗ ಬೀಗ ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಹಿಂದಿರುಗಿ ನೋಡಿದಳು.

ದಾರಿಯಲ್ಲಿ ಅಮ್ಮ ಗುಬ್ಬಿಯೊಡನೆ ಮುಂದೆ ಮುಂದೆ ಬೀಸುಹೆಜ್ಜೆ ಹಾಕುತ್ತಿದ್ದಳು. ಹಿಂದೆ ಅಕ್ಕ ಬಾಯಿ ತೆರೆದಾಗಲೆಲ್ಲ ತಮ್ಮ ಬಗ್ಗಿ ಬೂಟಿನ ಲೇಸು ಕಟ್ಟುವನು, ಇಲ್ಲವೇ ಸೆಕೆಯನ್ನು ಬೈಯುವನು. ಉದ್ಯಾನದ ಗೇಟು ಕಂಡಾಗ ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು.

"ನೋಡೋ, ಅವಳೂ ಬರ್ತಾಳೆ. ಅಮ್ಮ ಕರೆದಿದಾಳೆ. ನಾಲ್ಕು ಜನರ ಮುಂದೆ ಕೂಗಾಡಬೇಡ."

"ನಂಗೊತ್ತು."

"ಗೊತ್ತಾ?"

"ಅವಳೇ ಫೋನ್ ಮಾಡಿದ್ಲು, ಬರಲಾ ಅಂತ. ಬಾ ಅಂದೆ. ನಿನಗೆ ಹೇಗೆ ಹೇಳೋದು ಅಂತ ಬೆಳಗ್ಗೆಯಿಂದ ಒದ್ದಾಡ್ತಾ ಇದೀನಿ."

"ನನಗೇನು ಹೇಳೋದಿದೆ?"

"ಅವಳ ಮಾತೆತ್ತಿದ್ರೆ ಪಾತ್ರೆ ಕುಕ್ಕೋಳು ಯಾರು? ಬೇರೆ ಆದೋರು ನಾವಿಬ್ರು. ಸಿಟ್ಟು ಮಾತ್ರ ನಿನಗೇ ಜಾಸ್ತಿ."

ಅಕ್ಕ ಅವನ ತೋಳು ಬಿಟ್ಟಳು. ತಮ್ಮ ಹೇಳಿದ್ದರಲ್ಲಿ ಸುಳ್ಳೇನಿತ್ತು? ತಮ್ಮನನ್ನು ಮದುವೆಯಾಗುವ ಮೊದಲು ಅವಳು ಅಕ್ಕನ ಗೆಳತಿ. ಲಾಂಡ್ರಿಯಲ್ಲಿ ಒಂದೇ ಹಾಸುಬಟ್ಟೆಯ ಈ ತುದಿ ಇವಳು, ಆ ತುದಿ ಅವಳು ಹಿಡಿದು ಮಡಿಸುತ್ತಾ, ಮಾಲೀಕನ ನಡಿಗೆಯನ್ನು ಅಣಕಿಸಿ ಹೊಟ್ಟೆ ಹುಣ್ಣಾಗುವಂತೆ ನಕ್ಕವರು. ಅವಳನ್ನು ಮನೆಗೆ ಕರೆತಂದವಳೂ ಅಕ್ಕನೇ. ಅಂಥವಳು ಗಂಡನನ್ನು ಬಿಟ್ಟ ವಾರವೇ ಲಾಂಡ್ರಿಯನ್ನೂ ಬಿಟ್ಟಿದ್ದಳು, ಒಂದು ಮಾತು ಹೇಳದೆ.

ಕಾರಂಜಿಯ ಬಳಿ ಅವಳು ಆಗಲೇ ನಿಂತಿದ್ದಳು. ಬಣ್ಣದ ವಿಷಯ ತಿಳಿಸಲು ಅಮ್ಮ ಮರೆತಿದ್ದರಿಂದ ಕಡುಗೆಂಪು ಉಡುಪು ತೊಟ್ಟು ಬಂದಿದ್ದಳು. ಗುಬ್ಬಿ "ಅಮ್ಮಾ!" ಎಂದು ಓಡಿಹೋಗಿ ಅಪ್ಪಿಕೊಂಡಳು. ಅಕ್ಕ ಕಾರಂಜಿಯನ್ನೇ ದಿಟ್ಟಿಸಿದಳು.

ಫೋಟೋಗ್ರಾಫರಿಗೆ ಮನೆಯ ಕಥೆ ಏನು ಗೊತ್ತು? "ಬೇಗ ಬೇಗ, ಬಿಸಿಲು ಏರ್ತಾ ಇದೆ. ಅಜ್ಜಿ ಮಧ್ಯದಲ್ಲಿ. ಗಂಡ ಹೆಂಡತಿ ಪಕ್ಕ ಪಕ್ಕ ನಿಂತ್ಕೊಳ್ಳಿ" ಎಂದ.

ಯಾರೂ ಅಲುಗಾಡಲಿಲ್ಲ. ತಮ್ಮ ಕತ್ತು ಕೆರೆದುಕೊಂಡ. ಅವಳ ಮುಖ ಉಡುಪಿನಷ್ಟೇ ಕೆಂಪಾಯಿತು. ಬೆಂಚಿನ ಮೇಲೆ ಕುಳಿತಿದ್ದ ಅಮ್ಮ ಮೊದಲ ಬಾರಿಗೆ ತಬ್ಬಿಬ್ಬಾಗಿ ಮಗಳತ್ತ ನೋಡಿದಳು.

"ಅವಳು ನನ್ನ ಪಕ್ಕ ನಿಲ್ತಾಳೆ," ಎಂದುಬಿಟ್ಟಳು ಅಕ್ಕ. ತನ್ನ ದನಿಗೆ ತಾನೇ ಬೆಚ್ಚಿದಳು.

ಅವಳು ಬಂದು ನಿಂತಳು. ಭುಜಕ್ಕೆ ಭುಜ ತಾಕಿತು. ಫೋಟೋಗ್ರಾಫರ್ ಕ್ಯಾಮೆರಾ ಸರಿಮಾಡುತ್ತಿದ್ದಾಗ ಅಕ್ಕ ಮುಂದೆ ನೋಡುತ್ತಲೇ ಪಿಸುಗುಟ್ಟಿದಳು: "ನನಗೊಂದು ಮಾತು ಹೇಳಿ ಹೋಗಬಹುದಿತ್ತು."

"ಹೇಳೋಕೆ ಅಂತಾನೇ ಲಾಂಡ್ರಿ ಬಾಗಿಲ ತನಕ ಬಂದಿದ್ದೆ ಅಕ್ಕ. ನೀವು ಒಬ್ರೇ ಮಡಿಸ್ತಾ ಇದ್ರಿ. ಒಳಗೆ ಬಂದ್ರೆ ಅತ್ತುಬಿಡ್ತೀನಿ ಅನ್ನಿಸ್ತು, ವಾಪಸ್ ಹೋದೆ."

"ಅತ್ತಿದ್ರೆ ಏನಾಗ್ತಿತ್ತು, ಗಂಟು ಹೋಗ್ತಿತ್ತಾ?"

"ಇಲ್ಲಿ ನೋಡಿ! ಮಾತು ಆಮೇಲೆ!" ಎಂದು ಫೋಟೋಗ್ರಾಫರ್ ಕೂಗಿದ. ಅಕ್ಕನ ಕಣ್ಣು ತುಂಬಿ ಎದುರಿನ ಹಸಿರೆಲ್ಲ ಕಲಸಿಹೋಯಿತು.

ತಮ್ಮನೂ ಅವಳೂ ಒಂದಾಗಲಿಲ್ಲ. ಬಿಸಿಲು ಚುರುಗುಟ್ಟುವ ಹೊತ್ತಿಗೆ ಗುಬ್ಬಿಯನ್ನು ಕರೆದುಕೊಂಡು ಅವಳು ಬಸ್ಸು ಹತ್ತಿದಳು. ಫೋಟೋಗಳು ಬಂದಾಗ ಅಮ್ಮ ಆರಿಸಿದ್ದು ಅಕ್ಕ ಬಾಯಿ ತೆರೆದಿದ್ದ, ಅವಳು ತಲೆ ಬಗ್ಗಿಸಿದ್ದ ಒಂದನ್ನು. "ಇದರಲ್ಲಿ ನಾನು ಕಪ್ಪೆ ಥರ ಇದೀನಿ," ಎಂದು ಅಕ್ಕ ಗೊಣಗಿದಳು. "ಇದ್ರೆ ಇರಲಿ," ಎಂದಳು ಅಮ್ಮ.

ಫೋಟೋ ಬಂದ ಮರುದಿನ ಲಾಂಡ್ರಿಯ ಊಟದ ಬಿಡುವಿನಲ್ಲಿ ಅಕ್ಕ ಫೋನ್ ಕೈಗೆತ್ತಿಕೊಂಡಳು. ಕೆಳಗಿಟ್ಟಳು. ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದು, ಕೊನೆಗೂ ನಂಬರ್ ಒತ್ತಿದಳು.

"ಅಕ್ಕಾ?" ಎಂದಿತು ಆ ಕಡೆಯ ದನಿ, ಗಾಬರಿಯಿಂದ. "ಏನಾಯ್ತು?"

"ಏನಿಲ್ಲ ಕಣೇ," ಎಂದಳು ಅಕ್ಕ. "ಊಟ ಆಯ್ತಾ?"