ಅಯ್ಯನವರು ಮಣ್ಣು ಕೊಡಲಿಲ್ಲ

ಕಲ್ಲು ಕ್ವಾರಿಯ ಟ್ರ್ಯಾಕ್ಟರ್ ಈ ಸಲವೂ ಆಸ್ಪತ್ರೆಯ ಕಡೆಗೆ ತಿರುಗಲಿಲ್ಲ. ಸಾತನೂರಿನ ರಸ್ತೆ ಬಿಟ್ಟು ಗುಡ್ಡದ ಬುಡದ ಕ್ರೈಸ್ತ ದೇವಾಲಯದ ಮುಂದೆ ಬಂದು ನಿಂತಿತು. ಪಕ್ಕದ ಮನೆಯಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದ ಕೃಪಾವತಿಯ ಕೈ ಹಾಗೇ ನಿಂತಿತು. ಟ್ರೇಲರಿನಲ್ಲಿ ನೀಲಿ ಟಾರ್ಪಾಲು. ಅದರಡಿಯಿಂದ ಎರಡು ಕಾಲು ಹೊರಗಿದ್ದವು. ಕಲ್ಲಿನ ಪುಡಿ ಮೆತ್ತಿ ಬೆಳ್ಳಗಾದ ಕಾಲುಗಳು. ಒಂದರಲ್ಲಿ ದಾರ ಹಾಕಿ ಹೊಲಿದ ಹವಾಯಿ ಚಪ್ಪಲಿ. ಕ್ವಾರಿಯ ಜನ ಬಂಡೆ ಹತ್ತುತ್ತಿದ್ದುದು ಅಂಥದ್ದನ್ನೇ ಮೆಟ್ಟಿಕೊಂಡು.

ಹಿಂದೆಯೇ ಕೆಲಸದವರು ನಡೆದು ಬಂದರು. ಗಂಡಸರ ಹೆಗಲ ಮೇಲೆ ಹಾರೆ, ಗುದ್ದಲಿ. ಗುಂಡಿ ತೋಡಲು ಯಾರೂ ಹೇಳಬೇಕಾಗಿರಲಿಲ್ಲ.

ಮೇಸ್ತ್ರಿ ತಿಮ್ಮಯ್ಯ ಟ್ರ್ಯಾಕ್ಟರಿನಿಂದ ಕೆಳಕ್ಕೆ ಹಾರಿದ.

"ಬೋರಲಿಂಗ ಕಣಿ ಅಯ್ನೋರೇ. ಕುಡ್ಕೊಂಡು ಬಂಡೆ ಹತ್ತವ್ನೆ, ಜಾರ್ಬುಟ್ಟ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬುಡಿ. ಸಾವ್ಕಾರ್ರು ಹೇಳವ್ರೆ."

ಸಾವ್ಕಾರ್ರು ಎಂದರೆ ಕ್ವಾರಿಯ ಒಡೆಯ ದೊಡ್ಡಹನುಮಯ್ಯ.

ಸಭಾಪಾಲಕ ಸತ್ಯಮಿತ್ರ ಅಯ್ಯನವರು ಕೃಪಾವತಿಯ ಗಂಡ. ಕ್ವಾರಿಯ ಗುಡಿಸಲಿನವರು ಎಲ್ಲೆಲ್ಲಿಂದಲೋ ಬಂದವರು. ಅವರ ಹೆಣವನ್ನು ಊರಿನ ಸ್ಮಶಾನಕ್ಕೆ ಬಿಡುತ್ತಿರಲಿಲ್ಲ. ಅಯ್ಯನವರು ಬಂದ ಹೊಸದರಲ್ಲೇ ತಮ್ಮ ಸಭೆಯ ಹಿರಿಯರೊಂದಿಗೆ ಜಗಳವಾಡಿ, ದೇವಾಲಯದ ಹಿತ್ತಲಿನ ಸಮಾಧಿ ಭೂಮಿಯ ಗೇಟನ್ನು ಇವರಿಗಾಗಿ ತೆರೆಸಿದ್ದರು. "ಜಾತಿ ಕೇಳಬೇಡಿ, ಸಭೆ ಕೇಳಬೇಡಿ. ಸತ್ತವನಿಗೆ ಮಣ್ಣು ಕೊಡಿ" ಎಂದಿದ್ದರು. ರೇಷನ್ ಕಾರ್ಡಿಗಾಗಿ ಈ ಜನರನ್ನು ಕಟ್ಟಿಕೊಂಡು ಕನಕಪುರಕ್ಕೆ ಅಲೆದಿದ್ದರು. ಗುಡಿಸಲ ಮಕ್ಕಳಿಗೆ ಅಕ್ಷರ ಕಲಿಸಿದ್ದರು. ಅವೆಲ್ಲಕ್ಕಿಂತ ಆ ಗೇಟೇ ಅವರಿಗೆ ಹೆಮ್ಮೆ. ಕೃಪಾವತಿಗೂ.

ಬೋರಲಿಂಗಯ್ಯನ ಹೆಂಡತಿ ಬೈರಮ್ಮ ಓಡೋಡಿ ಬಂದಳು.

"ಕುಡ್ದಿರ್ನಿಲ್ಲ ಅಯ್ನೋರೇ! ನಾನೇ ಮುದ್ದೆ ಇಕ್ಕಿ ಕಳ್ಸಿದ್ದೆ. ಕುಳೀಲಿ ಮದ್ದು ಸಿಡೀದೆ ಉಳ್ಕೊಂಡಿತ್ತಂತೆ. ಅದ್ರಲ್ಲೇ ಡ್ರಿಲ್ ಇಕ್ಕು ಅಂತ ಈ ತಿಮ್ಮಯ್ಯನೇ ಅಂದವ್ನೆ!"

"ಬಾಯ್ ಮುಚ್ಚಮ್ಮಿ. ನೀನ್ ಕಂಡಿದ್ಯಾ?"

ಅಯ್ಯನವರು ಟಾರ್ಪಾಲನ್ನು ಎದೆಯವರೆಗೆ ಸರಿಸಿದರು. ಜಾರಿ ಬಿದ್ದವನ ಮೈಯಲ್ಲ ಅದು. ಸುಟ್ಟು ಹರಿದ ಮೈ.

"ಪೊಲೀಸರಿಗೆ ಹೇಳಿದ್ದೀರಾ?"

"ಅವ್ರಿಗ್ಯಾಕ್ ತೊಂದ್ರೆ ಅಂತ."

ಗುಂಪಿನಲ್ಲಿ ಯಾರೋ ನಕ್ಕರು. ತಿಮ್ಮಯ್ಯ ತಿರುಗಿ ನೋಡಿದ. ನಗು ನಿಂತಿತು.

ಆಗ ಮುದುಕಿ ಚಿಕ್ಕಲಕ್ಷ್ಮಮ್ಮ ಮುಂದೆ ಬಂದಳು. ಅವಳ ಗಂಡನೂ ಅದೇ ಹಿತ್ತಲಿನಲ್ಲಿ ಮಲಗಿದ್ದ.

"ಒಂದ್ ಮಾತು ಅಯ್ನೋರೇ, ಬೇಜಾರ್ ಮಾಡ್ಕಬ್ಯಾಡಿ. ನಮ್ಮೆಜಮಾನ್ನ ತಂದಾಗ್ಲೂ ಹಿಂಗೇ ಮುಚ್ಚಿದ್ರು. ಜಾರ್ಬುಟ್ಟ ಅಂದ್ರು. ನೀವು ಪ್ರಾರ್ಥನೆ ಮಾಡುದ್ರಿ, ನಾನು ನಿಮ್ ಕಾಲಿಗ್ ಬಿದ್ದೆ. ನೀವು ಒಳ್ಳೇರೇಯ. ಆದ್ರೆ ನಿಮ್ ಹಿತ್ಲು ಐತಲ್ಲ ಅನ್ನೋ ಧೈರ್ಯಕ್ಕೇ ಇವ್ರು ಉಳ್ದ ಮದ್ದಿಗೆ ಡ್ರಿಲ್ ಇಕ್ಕುಸ್ತಾವ್ರೆ. ಇಲ್ಲಿಗ್ ತಂದ್ಬುಟ್ರೆ ಕೇಳೋರಿಲ್ಲ."

ಅಯ್ಯನವರು ಹಿತ್ತಲಿನ ಕಡೆ ನೋಡಿದರು. ಕಲ್ಲಿಲ್ಲದ, ಹೆಸರಿಲ್ಲದ ದಿಬ್ಬಗಳು. ಒಂದೊಂದರ ಬಳಿಯೂ ಅವರು ಕಣ್ಣು ಮುಚ್ಚಿ ನಿಂತಿದ್ದರು. ಕೃಪಾವತಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಈಗ ಅವರೇನು ಹೇಳುತ್ತಾರೆಂದು ಅವಳಿಗೆ ಗೊತ್ತಾಯಿತು. ಹೇಳದಿರಲಿ ಎಂದು ಆಸೆಪಟ್ಟಳು.

"ಗುಂಡಿ ತೋಡಬೇಡಿ. ಇವನನ್ನು ದೇವಾಲಯದೊಳಗೆ ಮಲಗಿಸಿ. ಪೊಲೀಸರು ಬರಲಿ, ಡಾಕ್ಟರು ನೋಡಲಿ. ಅಲ್ಲಿವರೆಗೆ ನಾನು ಮಣ್ಣು ಕೊಡಲ್ಲ."

"ಮಣ್ಣು ಕೊಡೋದ್ ಬುಟ್ಟು ನಿಮ್ಗಿನ್ನೇನ್ ಕೆಲ್ಸ ಐತೆ ಅಯ್ನೋರೇ?" ತಿಮ್ಮಯ್ಯ ನಕ್ಕ. ಮೊಬೈಲ್ ತೆಗೆದು ಒಡೆಯನಿಗೆ ವಿಷಯ ಹೇಳಿದ. ಆಮೇಲೆ ಸ್ಪೀಕರ್ ಹಾಕಿ ಅಯ್ಯನವರ ಮುಂದೆ ಹಿಡಿದ.

ದೊಡ್ಡಹನುಮಯ್ಯನ ದನಿ ಮೆತ್ತಗಿತ್ತು. "ನಮಸ್ಕಾರ ಅಯ್ನೋರೇ. ನಿಮ್ ಹಿತ್ಲು ಒಸಿ ಏರುಪೇರಾಗೈತೆ ಅಂತಿದ್ರು. ಈಗ್ಲೇ ಜೆಸಿಬಿ ಕಳುಸ್ತೀನಿ, ಲೆವೆಲ್ ಮಾಡ್ಕೊಡ್ತಾನೆ. ಅಮ್ನೋರು ಚೆನ್ನಾಗವ್ರಾ? ಹಾಲು ತರಕ್ಕೆ ಡೈರಿಗೆ ಒಬ್ರೇ ಓಯ್ತಾರಂತೆ, ಪಾಪ."

ಕೃಪಾವತಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಕೆಳಗಿಟ್ಟಳು.

ಅಯ್ಯನವರು ಠಾಣೆಗೆ ಫೋನ್ ಮಾಡಿದರು. "ಬತ್ತೀವಿ" ಎಂದಿತು ಆ ಕಡೆಯ ದನಿ. ಯಾವಾಗ ಎನ್ನಲಿಲ್ಲ. ನಾಲ್ಕು ಜನ ಬೋರಲಿಂಗಯ್ಯನನ್ನು ಎತ್ತಿ ಒಳಗೆ ಮಲಗಿಸಿದರು. ಬೈರಮ್ಮ ಅವನ ತಲೆಯ ಬಳಿ ಕೂತಳು. ಅಯ್ಯನವರು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ಕ್ವಾರಿಯ ದಾರಿಯಿಂದ ಯಂತ್ರದ ಸದ್ದು ಬಂತು.

ಚಿಕ್ಕಲಕ್ಷ್ಮಮ್ಮನಿಗೆ ಮೊದಲು ಅರ್ಥವಾಯಿತು. "ಲೆವೆಲ್ ಮಾಡಕ್ಕಲ್ಲ ಕಣ್ರವ್ವಾ! ನಮ್ಮೋರ್ನ ಬಗೆದು ಎತ್ತಾಕೊಂಡೋಗಕ್ ಬತ್ತಾವ್ರೆ. ನಾಳೆ ಡಾಕ್ಟ್ರು ಬಂದು ಹಳೇ ಹೆಣಾನೂ ತೆಗ್ದು ನೋಡ್ತೀನಿ ಅಂದ್ರೆ ಒಂದ್ ಮೂಳೆನೂ ಸಿಕ್ಕಬಾರ್ದು ಅಂತ!"

ಅವಳು ಗೇಟು ದಾಟಿ ಹೋಗಿ ಗಂಡನ ದಿಬ್ಬದ ಮೇಲೆ ಕೂತುಬಿಟ್ಟಳು. ಗುಂಪಿನಲ್ಲಿದ್ದ ಸಿದ್ದಮ್ಮ ಹೋಗಿ ಅಲ್ಲೇ ಹೂತಿದ್ದ ತನ್ನ ಮಗನ ಮೇಲೆ ಕೂತಳು. ಆಮೇಲೆ ಉಳಿದ ಹೆಂಗಸರೂ. ಗಂಡಸರು ಗೇಟಿನ ಎರಡೂ ಬದಿಗೆ ನಿಂತರು. ತಿಮ್ಮಯ್ಯ ಕೂಗುತ್ತಲೇ ಇದ್ದ: "ನಾಳೆಯಿಂದ ಕೆಲ್ಸ ಇಲ್ಲ ಕಣ್ರಲೇ! ಗುಡ್ಸಲೂ ಇಲ್ಲ!" ಯಾರೂ ತಿರುಗಲಿಲ್ಲ.

ತಿರುವಿನಲ್ಲಿ ಜೆಸಿಬಿ ಕಾಣಿಸಿತು. ಹಲ್ಲಿನ ಬಕೆಟ್ಟು ಮೇಲಕ್ಕೆದ್ದಿತ್ತು.

"ಕೃಪಾ, ಒಳಗೆ ಬಾ" ಎಂದು ಅಯ್ಯನವರು ಕರೆದರು.

ಗೇಟಿನ ಹತ್ತಿರದ ದಿಬ್ಬದ ಮೇಲೆ ಯಾರೂ ಕೂತಿರಲಿಲ್ಲ. ಒರಿಸ್ಸಾದ ಕಡೆಯ ಹುಡುಗನದು. ಅವನ ಹೆಸರನ್ನು ಯಾರೂ ಸರಿಯಾಗಿ ಕೇಳಿಕೊಂಡಿರಲಿಲ್ಲ; ಅವನ ಮನೆಯವರಿಗೆ ಅವನು ಸತ್ತದ್ದೂ ಗೊತ್ತಿರಲಾರದು. ಕೃಪಾವತಿ ಹೋಗಿ ಅದರ ಮೇಲೆ ಕೂತಳು. ಕೈಯೂರಿ ಮಣ್ಣನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಜೆಸಿಬಿ ಗೇಟಿಗೆ ಮೂತಿ ತಾಗಿಸಿ ನಿಂತಿತು. ಡ್ರೈವರ್ ಇಂಜಿನ್ ಆರಿಸಲಿಲ್ಲ. ಹೆಂಗಸರೂ ಏಳಲಿಲ್ಲ.