ಸಿಹಿ ಕಳೆದ ಬೇರು

ವೈರಸ್ ಪ್ರಯೋಗಾಲಯದ ಮುಖ್ಯಸ್ಥನಿಗೆ ‘ಕತ್ತರಿ’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಯಾರ ಆಸೆಯೇ ಇರಲಿ, ಚಿಗುರಿನಲ್ಲೇ ಕತ್ತರಿಸುವವನು ಆತ. ಅಂದು ಬೆಳಿಗ್ಗೆ ಗಣಕ ವಿಭಾಗದ ಬಾಗಿಲಲ್ಲಿ ನಿಂತು ಪ್ಲಾಸ್ಟಿಕ್ ತಟ್ಟೆಯೊಂದನ್ನು ಎತ್ತಿ ತೋರಿಸಿದ.

“ನೋಡಿ ಮೇಡಂ, ನಿಮ್ಮ ಬೇರಿನ ಪ್ರತಾಪ. ಹಾಲು ಚೆಲ್ಲಿದ ಹಾಗೆ ಬೆಳ್ಳಗಿದೆ.”

ಆ ತಟ್ಟೆಯ ಗುಳಿಗಳಲ್ಲಿ ಜೀವಕೋಶ ಬೆಳೆಸಿ, ಫ್ಲೂ ವೈರಸ್ ಬಿಟ್ಟು, ಮದ್ದು ಹಾಕಿ, ಕೊನೆಗೆ ಬಣ್ಣ ಸುರಿಯುತ್ತಾರೆ. ಬದುಕಿದ ಕೋಶ ನೇರಳೆಯಾಗುತ್ತದೆ. ಸತ್ತದ್ದು ತೊಳೆದುಹೋಗಿ ಗುಳಿ ಬೆಳ್ಳಗೆ ಉಳಿಯುತ್ತದೆ, ಅಂದರೆ ಮದ್ದು ಸೋತಿತು ಎಂದರ್ಥ.

ಗಣಕ ವಿಭಾಗದ ವಿಜ್ಞಾನಿಯಾದ ಅವಳ ಮುಖ ಇಳಿಯಿತು. ಹಳೆಯ ವೈದ್ಯಗ್ರಂಥಗಳ ಗಿಡಗಳನ್ನೆಲ್ಲ ಕಲೆಹಾಕಿ, ಅವುಗಳ ಅಣುಗಳನ್ನು ಒಂದೊಂದಾಗಿ ವೈರಸ್ಸಿನ ಕಿಣ್ವದ ಕುಳಿಗೆ ಕಂಪ್ಯೂಟರಿನಲ್ಲಿ ತುರುಕಿ ನೋಡಿದ್ದಳು. ಕುಳಿ ಮುಚ್ಚಿದರೆ ವೈರಸ್ ಬೆಳೆಯದು; ಅಣು ಎಷ್ಟು ಬಿಗಿಯಾಗಿ ಅಂಟುತ್ತದೆ ಎಂಬುದಕ್ಕೆ ಕಂಪ್ಯೂಟರ್ ಅಂಕ ಕೊಡುತ್ತದೆ. ಈ ಬೇರಿನ ಅಣುವಿಗೇ ಎಲ್ಲಕ್ಕಿಂತ ಹೆಚ್ಚು ಅಂಕ ಬಂದಿತ್ತು.

“ಇನ್ನೊಂದು ತಟ್ಟೆ ಕೊಡ್ತೀನಿ. ಅದೂ ಬೆಳ್ಳಗಾದ್ರೆ ನಿಮ್ಮ ವಿಭಾಗಕ್ಕೆ ಬೀಗ ಅಂತ ಸಮಿತಿ ಹೇಳಿದೆ,” ಎಂದ ಕತ್ತರಿ. “ಬೀಗ ನಾನೇ ತರ್ತೀನಿ.”

ಮನೆಗೆ ಬಂದರೆ ಗಂಡ ಫ್ಲೂ ಜ್ವರದಲ್ಲಿ ಮುದುಡಿ ಮಲಗಿದ್ದ. ಅತ್ತೆ ಅದೇ ಬೇರನ್ನು ಒಲೆಯ ಮೇಲೆ ಕುದಿಸುತ್ತಿದ್ದರು. ಅವಳು ಉಳಿದ ಹಸಿ ಚೂರೊಂದನ್ನು ಯೋಚನೆಯಲ್ಲೇ ಬಾಯಿಗೆ ಹಾಕಿಕೊಂಡಳು. ಸಿಹಿ. ಮತ್ತೆ ಪಾತ್ರೆಯಿಂದ ಒಂದು ಚಮಚ ಕುಡಿದಳು. ಹುಳಿ, ಅದರ ಬೆನ್ನಿಗೆ ನಾಲಿಗೆ ತಿರುಚುವ ಕಹಿ.

“ಸಿಹಿ ಎಲ್ಲಿ ಹೋಯ್ತು ಅತ್ತೆ?”

“ನನ್ನ ಕೇಳಿದ್ರೆ? ನಾನೇನು ಕದ್ದು ತಿಂದ್ನಾ? ಹುಳಿನೀರಲ್ಲಿ ಬೇಯಿಸು ಅಂತ ನಮ್ಮಮ್ಮ ಹೇಳ್ತಿದ್ಲು, ಬೇಯಿಸ್ದೆ. ನಿನ್ನ ಕಂಪ್ಯೂಟರ್‌ಗೂ ಒಂದು ಲೋಟ ತಗೊಂಡು ಹೋಗು, ಅದಕ್ಕೂ ಬುದ್ಧಿ ಬರ್ಲಿ.”

ಅವಳು ಚಮಚ ಹಿಡಿದು ಹಾಗೇ ನಿಂತಳು. ಹುಳಿನೀರಿನ ಮಾತು ಗ್ರಂಥದಲ್ಲೂ ಇತ್ತು. ಅವಳು ಅದನ್ನು ಓದಿಯೂ ಇದ್ದಳು. ಆದರೆ ಕಂಪ್ಯೂಟರಿಗೆ ಉಣಿಸಿದ್ದು ಗಿಡವನ್ನು, ಅಡುಗೆಯನ್ನಲ್ಲ! ಹಸಿ ಬೇರಿನ ಅಣುವಿಗೆ ಸಕ್ಕರೆಯದೊಂದು ಉದ್ದ ಬಾಲವಿದೆ. ಸಿಹಿ ಅದರದೇ. ಹುಳಿಯಲ್ಲಿ ಕುದಿದರೆ ಬಾಲ ಕಳಚುತ್ತದೆ; ಕಾಲೇಜಿನ ಮೊದಲ ವರ್ಷದ ರಸಾಯನಶಾಸ್ತ್ರ ಅದು.

“ಒಲೆ ಆರಿಸ್ಬೇಡಿ, ಗಂಡಂಗೆ ಕುಡಿಸಿ,” ಎನ್ನುತ್ತಾ ಚಪ್ಪಲಿ ಮೆಟ್ಟಿದಳು.

“ಯಾರ ಗಂಡಂಗೆ?” ಎಂದರು ಅತ್ತೆ ಹಿಂದಿನಿಂದ.

ಕಚೇರಿಯಲ್ಲಿ ಪರದೆಯ ಮೇಲೆ ಹಳೆಯ ಚಿತ್ರವನ್ನು ತಿರುಗಿಸಿ ನೋಡಿದಾಗ ಗುಟ್ಟು ರಟ್ಟಾಯಿತು. ಅಣು ಕುಳಿಯೊಳಗೆ ಹೋಗಿಯೇ ಇರಲಿಲ್ಲ. ಬಾಲ ಹೊರಗೆ ಸಿಕ್ಕಸಿಕ್ಕಲ್ಲಿ ಅಂಟಿಕೊಂಡು ಅಂಕ ಗಿಟ್ಟಿಸಿತ್ತು, ಪರೀಕ್ಷೆಯಲ್ಲಿ ಹಾಳೆ ತುಂಬಿಸಿ ಪಾಸಾಗುವವರ ಹಾಗೆ. ಬಾಲ ಕತ್ತರಿಸಿ ಮತ್ತೆ ಬಿಟ್ಟಳು. ಒಟ್ಟು ಅಂಕ ಇಳಿಯಿತು. ಆದರೆ ಉಳಿದ ಪುಟ್ಟ ಅಣು ಒರೆಗೆ ಕತ್ತಿ ಇಳಿದಂತೆ ಕುಳಿಯ ತಳದವರೆಗೂ ಜಾರಿ ಕೂತಿತು.

ಬೇರನ್ನು ಹುಳಿಯಲ್ಲಿ ಕುದಿಸಿ, ಬಾಲ ಕಳಚಿದ ಅಣುವನ್ನು ಬೇರ್ಪಡಿಸಿ, ಕೊನೆಯ ತಟ್ಟೆಗೆ ಕಳಿಸಿದಳು. ಆಮೇಲೆ ಕತ್ತರಿಯ ಸುದ್ದಿಯೇ ಇಲ್ಲ. ಫೋನೂ ಎತ್ತಲಿಲ್ಲ. ಅವಳು ಮೇಜಿನ ಸಾಮಾನನ್ನು ಡಬ್ಬಿಗೆ ತುಂಬತೊಡಗಿದಳು.

ಡಬ್ಬಿ ಅರ್ಧ ತುಂಬಿದಾಗ ಆತ ಬಂದ. ತಲೆ ಕೆದರಿತ್ತು.

“ಮೊದಲನೇ ಸಲ ನಂಬಲಿಲ್ಲ. ಮತ್ತೆ ಮಾಡ್ದೆ. ಆಮೇಲೆ ಹೊಸ ಕೋಶ, ಹೊಸ ವೈರಸ್ ತಗೊಂಡು ಮಾಡ್ದೆ. ಹಾಳಾದ ಕೋಶಗಳು, ಸಾಯ್ತಾನೇ ಇಲ್ಲ!”

ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಮದ್ದಿಲ್ಲದ ಸಾಲು ಬೆಳ್ಳಗೆ ಬೋಳು. ಅದರ ಪಕ್ಕದಲ್ಲಿ ಅವಳ ಸಾಲು, ಗುಳಿಯಿಂದ ಗುಳಿಗೆ, ಮಾಗಿದ ನೇರಳೆಹಣ್ಣಿನ ಬಣ್ಣ. ಮದ್ದಾಗಲು ಇನ್ನೂ ಬಹಳ ದೂರವಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳಿಗೆ ಕೂಗಬೇಕೆನಿಸಿತು, ಕೂಗಿಯೇಬಿಟ್ಟಳು. ಪಕ್ಕದ ಕೋಣೆಯವರೆಲ್ಲ ಓಡಿಬಂದರು.

ಗದ್ದಲ ತುಸು ತಗ್ಗಿದಾಗ ಅವಳು ಕೇಳಿದಳು: “ಬೀಗ ತಂದಿದೀರಾ?”

ಕತ್ತರಿ ಜೇಬಿನಿಂದ ಬೀಗ ತೆಗೆದ. “ತರದೇ ಇರ್ತೀನಾ? ಈ ತಟ್ಟೆನ ಭದ್ರವಾಗಿ ಇಡಬೇಡ್ವಾ!”